ಬಾಂಡಿಂಗ್ ನಂತರದ ಹಲ್ಲುನೋವು: ಹರಿದಾಡುತ್ತಿರುವ ಸಂದೇಶಕ್ಕೆ ಸ್ಪಷ್ಟನೆ

ಬಾಂಡಿಂಗ್ (ಹಲ್ಲಿನ ಬಣ್ಣದ ವಸ್ತು ಅಂಟಿಸಿ ಹಲ್ಲನ್ನು ಸರಿಪಡಿಸುವ ಚಿಕಿತ್ಸೆ) ಮಾಡಿಸಿದ ಹಲ್ಲು ಕಚ್ಚುವಾಗ ಎತ್ತರವೆನಿಸಿದರೆ ವೈದ್ಯರ ಬಳಿ ಮತ್ತೆ ಹೋಗಬೇಕಿಲ್ಲ, ಅದೇ ಬದಿಯಲ್ಲಿ ಅಡಿಕೆಯನ್ನೋ ಚಕ್ಕುಲಿಯನ್ನೋ ಅಗಿದರೆ ತಾನಾಗಿ ಸವೆದು ಸರಿಹೋಗುತ್ತದೆ ಎಂಬ ಸಂದೇಶವೊಂದು ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಈ ಸಲಹೆ ತಪ್ಪು.

ಬಾಂಡಿಂಗ್‌ಗೆ ಬಳಸುವ ಕಾಂಪೋಸಿಟ್ ರೆಸಿನ್ ಎಂಬ ಆ ವಸ್ತು ನೀಲಿ ಬೆಳಕಿನಡಿ ಕೆಲವೇ ಸೆಕೆಂಡುಗಳಲ್ಲಿ ಗಟ್ಟಿಯಾಗುವುದರಿಂದ, ಅದು ನಾಲ್ಕು ದಿನ ಅಗಿದ ಮಾತ್ರಕ್ಕೆ ಸಮವಾಗುವುದಿಲ್ಲ. ಬದಲಿಗೆ ಪ್ರತಿ ಕಡಿತದ ಪೆಟ್ಟೂ ಆ ಒಂದೇ ಹಲ್ಲಿನ ಮೇಲೆ ಬಿದ್ದು, ಬೇರನ್ನು ದವಡೆಯ ಮೂಳೆಗೆ ಹಿಡಿದಿಟ್ಟಿರುವ ನಾರುಗಳು ಉರಿಯೂತಕ್ಕೊಳಗಾಗುತ್ತವೆ. ಕಚ್ಚಿದಾಗ ನೋವಾಗುವುದು ಇದರಿಂದಲೇ. ಗಟ್ಟಿ ಪದಾರ್ಥ ಅಗಿದರೆ ರೆಸಿನ್ ಚಕ್ಕೆಯೇಳಬಹುದು, ಹಲ್ಲೇ ಬಿರುಕು ಬಿಡಲೂಬಹುದು. ಅರಿವಳಿಕೆಯಿಂದ ಬಾಯಿ ಜೋಮು ಹಿಡಿದಿರುವಾಗ "ಸರಿಯಾಗಿದೆ" ಎಂದು ಹೇಳಿ ಬಂದವರಿಗೆ ಮನೆಯಲ್ಲಿ ಎತ್ತರ ತಿಳಿಯುವುದು ಸಹಜ. ಅದಕ್ಕೆ ಸಂಕೋಚ ಬೇಡ. ವೈದ್ಯರು ತೆಳುವಾದ ಬಣ್ಣದ ಕಾಗದ ಕಚ್ಚಿಸಿ, ಗುರುತು ಬಿದ್ದ ಜಾಗವನ್ನು ಕೆಲವೇ ನಿಮಿಷಗಳಲ್ಲಿ ಉಜ್ಜಿ ಸರಿಪಡಿಸುತ್ತಾರೆ.

ನೋವು ಬಂದರೆ ರೂಟ್ ಕೆನಾಲ್ (ಹಲ್ಲಿನೊಳಗಿನ ನರಭಾಗವನ್ನು ತೆಗೆಯುವ ಚಿಕಿತ್ಸೆ) ಖಂಡಿತ ಎಂಬ ಅದೇ ಸಂದೇಶದ ಕೊನೆಯ ಸಾಲೂ ಸರಿಯಲ್ಲ. ತಣ್ಣನೆಯದು ತಗುಲಿದಾಗ ಕ್ಷಣಕಾಲ ಜುಮ್ಮೆನ್ನುವುದು ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ತಗ್ಗುತ್ತದೆ. ಆದರೆ ಏನೂ ತಗುಲದೆಯೂ ಬರುವ, ನಿದ್ದೆಗೆಡಿಸುವ, ಬಿಸಿ ಕುಡಿದ ಬಳಿಕ ಬಹಳ ಹೊತ್ತು ಉಳಿಯುವ ನೋವು ಹಲ್ಲಿನೊಳಗಿನ ನರಭಾಗದ ಉರಿಯೂತದ ಲಕ್ಷಣವಾಗಿರಬಹುದಾದ್ದರಿಂದ ತಡಮಾಡದೆ ತೋರಿಸಿಕೊಳ್ಳಬೇಕು.

ಇವು ದಂತವೈದ್ಯಕೀಯದ ಪಠ್ಯಗಳಲ್ಲಿ ಸಾಮಾನ್ಯವಾಗಿ ಕಲಿಸುವ ವಿಷಯಗಳು. ದಯವಿಟ್ಟು ಆ ಸಂದೇಶವನ್ನು ಯಾರಿಗೂ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನು ಹಾಕಿ.