ರೂಮ್ ಟೆಂಪರೇಚರ್ ಅಂದ್ರೆ ಯಾರ ಮನೆ ರೂಮು?

ಏಪ್ರಿಲ್ ಬಂತಂದ್ರೆ ದೋಸೆ ಹಿಟ್ಟು ರುಬ್ಬೋ ಹೊತ್ತು ತಾನಾಗೇ ಬದಲಾಗುತ್ತೆ. ಚಳಿಗಾಲದಲ್ಲಿ ಸಂಜೆ ಐದಕ್ಕೇ ರುಬ್ಬಿ ಒಲೆ ಪಕ್ಕ ಇಡೋರು ಈಗ ರಾತ್ರಿ ಹತ್ತಕ್ಕೆ ರುಬ್ಬಿ, ಪಾತ್ರೆ ಅರ್ಧ ಮಾತ್ರ ತುಂಬಿಸಿ, ಬೆಳಗ್ಗೆ ಎದ್ದ ಕೂಡಲೇ ಫ್ರಿಜ್ಜಿಗೆ ತಳ್ಳುತ್ತಾರೆ. ಇದನ್ನ ಯಾರೂ ಯಾರಿಗೂ ಹೇಳಿಕೊಡಬೇಕಿಲ್ಲ. ಆದರೆ ಅದೇ ಕೈ ಬ್ರೆಡ್ ಮಾಡೋಕೆ ಹೊರಟಾಗ ಮೊಬೈಲಲ್ಲಿ ಬಂದ "ರೂಮ್ ಟೆಂಪರೇಚರಲ್ಲಿ ಒಂದೂವರೆ ಗಂಟೆ ಇಡಿ" ಅನ್ನೋದನ್ನ ವೇದವಾಕ್ಯ ಅನ್ನೋ ಹಾಗೆ ಪಾಲಿಸುತ್ತೆ. ಆಮೇಲೆ ಬ್ರೆಡ್ ಕುಸಿಯಿತು, ಹುಳಿ ಆಯಿತು, ಬೇಸಿಗೆಗೆ ಬೇಕಿಂಗ್ ಆಗಿಬರಲ್ಲ ಅಂತ ಓವನ್ ಮೇಲೆ ಬಟ್ಟೆ ಹೊದಿಸಿಬಿಡೋದು.

ಆ ರೂಮು ನಮ್ಮದಲ್ಲ ಮಾರಾಯ್ರೆ. ತಣ್ಣನೆ ದೇಶದ ರೆಸಿಪಿಗಳಲ್ಲಿ ರೂಮ್ ಟೆಂಪರೇಚರ್ ಅಂದ್ರೆ 20–22 ಡಿಗ್ರಿ. ನಮ್ಮಲ್ಲಿ? ತಂಪು ಊರು ಅಂತ ಹೆಸರಾದ ಬೆಂಗಳೂರಲ್ಲೇ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಆಗಿತ್ತು. ಕಲಬುರಗಿ, ರಾಯಚೂರಿನವರಿಗೆ ಇದು ಸುದ್ದಿಯೇ ಅಲ್ಲ. ಯೀಸ್ಟಿಗೆ ಸುಮಾರು ಹತ್ತು ಡಿಗ್ರಿ ಬಿಸಿ ಜಾಸ್ತಿಯಾದರೆ ಕೆಲಸದ ವೇಗ ಹೆಚ್ಚುಕಮ್ಮಿ ಎರಡು ಪಟ್ಟು. ಅಲ್ಲಿ ತೊಂಬತ್ತು ನಿಮಿಷ ಬೇಕಾದ ಕಣಕಕ್ಕೆ ಇಲ್ಲಿ ನಲವತ್ತು ಸಾಕು.

ನನ್ನ ಕೇಳಿದರೆ ಬೇಸಿಗೆಯಲ್ಲಿ ಗಡಿಯಾರಕ್ಕಿಂತ ಥರ್ಮಾಮೀಟರ್ ಮುಖ್ಯ. ನಾದಿ ಮುಗಿದಾಗ ಕಣಕ 26 ಡಿಗ್ರಿ ಆಸುಪಾಸು ಇರಬೇಕು. ಲೆಕ್ಕ ಸುಲಭ. 26ನ್ನ ಮೂರರಿಂದ ಗುಣಿಸಿ, 78. ಅದರಲ್ಲಿ ಹಿಟ್ಟಿನ ಬಿಸಿ, ಅಡುಗೆಮನೆಯ ಬಿಸಿ, ಕೈಯಲ್ಲಿ ನಾದಿದರೆ ಹುಟ್ಟೋ ಮೂರು ಡಿಗ್ರಿ ಕಳೆಯಿರಿ. ಹಿಟ್ಟು 33, ಮನೆ 33 ಇದ್ದರೆ ಉಳಿಯೋದು 9. ಅಂದ್ರೆ ನೀರು 9 ಡಿಗ್ರಿ ಇರಬೇಕು, ಫ್ರಿಜ್ಜಿಂದ ತೆಗೆದ ಬಾಟಲಿ ನೀರು. ಮಧ್ಯಾಹ್ನ ಮೂರು ಗಂಟೆಗೆ ಓವರ್‌ಹೆಡ್ ಟ್ಯಾಂಕಿಂದ ನಲ್ಲಿಗೆ ಬರೋ ನೀರು ಸ್ನಾನಕ್ಕೆ ಸರಿ. "ಉಗುರುಬೆಚ್ಚಗಿನ ನೀರಲ್ಲಿ ಯೀಸ್ಟ್ ನೆನೆಸಿ" ಅನ್ನೋದೂ ಇನ್‌ಸ್ಟೆಂಟ್ ಯೀಸ್ಟಿಗೆ ಬೇಕಿಲ್ಲ, ಒಣ ಹಿಟ್ಟಲ್ಲೇ ಬೆರೆಸಿ. ಮಿಕ್ಸರ್ ಯಂತ್ರದಲ್ಲಿ ನಾದುವವರು ನೀರಿನ ಒಂದು ಪಾಲು ಐಸ್ ಪುಡಿಯಾಗೇ ಹಾಕಬೇಕು, ಯಂತ್ರ ಇನ್ನೂ ಹತ್ತು ಡಿಗ್ರಿ ಏರಿಸುತ್ತೆ.

ಒಂದು ಬ್ರೆಡ್ಡಿಗೆ ಅಳತೆ: ಮೈದಾ 400 ಗ್ರಾಂ, ತಣ್ಣೀರು 250, ಉಪ್ಪು 8, ಸಕ್ಕರೆ 15, ಎಣ್ಣೆ 20. ಯೀಸ್ಟ್ ಮಾಮೂಲಾಗಿ 4 ಗ್ರಾಂ ಹಾಕುವಲ್ಲಿ ಈಗ 2.5 ಗ್ರಾಂ, ಅಂದ್ರೆ ಟೀ ಚಮಚದಲ್ಲಿ ಮಟ್ಟಸ ಮಾಡಿದರೆ ಒಂದಕ್ಕಿಂತ ಸ್ವಲ್ಪ ಕಮ್ಮಿ. ಮೈದಾ ಬದಲು ಗಿರಣಿ ಗೋಧಿಹಿಟ್ಟಾದರೆ ನೀರು ಇನ್ನೊಂದು 40–50 ಗ್ರಾಂ ಕುಡಿಯುತ್ತೆ. ಯೀಸ್ಟ್ ಪೊಟ್ಟಣ ಒಡೆದ ಮೇಲೆ ಬಿಗಿ ಡಬ್ಬಿಗೆ ಹಾಕಿ ಫ್ರೀಜರಲ್ಲಿಡಿ, ಈ ಬಿಸಿಗೆ ಶೆಲ್ಫಲ್ಲಿ ಬಾಳಲ್ಲ.

ಕಣಕವನ್ನ ನೆಟ್ಟಗಿನ ಡಬ್ಬಿಗೆ ಹಾಕಿ, ಅದರ ಮಟ್ಟಕ್ಕೆ ಒಂದು ರಬ್ಬರ್ ಬ್ಯಾಂಡ್ ಏರಿಸಿ. ಅದರ ದುಪ್ಪಟ್ಟಾದಾಗ ತೆಗೆಯಿರಿ, ಎಷ್ಟು ಹೊತ್ತು ಅಂತ ಕೇಳಬೇಡಿ. ಟಿನ್ನಿಗೆ ಹಾಕಿದ ಮೇಲೆ ಬೆರಳಲ್ಲಿ ಮೆತ್ತಗೆ ಒತ್ತಿ. ಗುಳಿ ಥಟ್ಟನೆ ಮೇಲೆದ್ದರೆ ಇನ್ನೂ ಇರಲಿ, ನಿಧಾನಕ್ಕೆ ಅರ್ಧ ತುಂಬಿದರೆ ಓವನ್ನಿಗೆ ಹೊರಟಿತು ಅಂತ ಅರ್ಥ, ಏಳಲೇ ಇಲ್ಲ ಅಂದ್ರೆ ಹದ ಮೀರಿದೆ. ಹದ ಮೀರಿದ್ದನ್ನ ಹಾಗೇ ಬೇಯಿಸಿದರೆ ನಡು ಕುಸಿಯುತ್ತೆ, ಮೇಲ್ಮೈ ಬಿಳಿಚಿಕೊಂಡೇ ಉಳಿಯುತ್ತೆ. ಕೆಂಪು ಬರಿಸಬೇಕಾದ ಸಕ್ಕರೆಯನ್ನ ಯೀಸ್ಟ್ ಆಗಲೇ ತಿಂದಿರುತ್ತೆ. ಬಿಸಾಡಬೇಡಿ. ಮಿದ್ದು, ತಟ್ಟೆಯಲ್ಲಿ ಚಪ್ಪಟೆಯಾಗಿ ತಟ್ಟಿ, ಮೇಲೆ ಈರುಳ್ಳಿ, ಹಸಿಮೆಣಸು, ಎಣ್ಣೆ ಹಾಕಿ ಬೇಯಿಸಿದರೆ ಸಂಜೆ ಕಾಫಿ ಜೊತೆ ಖಾಲಿ.

ಓವನ್ 200 ಡಿಗ್ರಿಗೆ ಕಾಯೋಕೆ ಬಿಡೋದು ಕಣಕ ಟಿನ್ನಿಗೆ ಹೋದ ಹತ್ತು ನಿಮಿಷಕ್ಕೇ, ಆಮೇಲೆ ಕಣಕ ನಿಮಗಾಗಿ ಕಾಯಲ್ಲ. 30–35 ನಿಮಿಷ ಬೇಯಲಿ. 1500 ವಾಟಿನ ಓಟಿಜಿಯನ್ನ, ಅಂದ್ರೆ ಮೇಜಿನ ಮೇಲಿಡೋ ಕರೆಂಟ್ ಓವನ್ನನ್ನ, 16 ಆಂಪಿಯರ್ ಪ್ಲಗ್ಗಿಗೇ ಹಾಕಿ. ಕರೆಂಟ್ ಹೋದರೆ ಮನೆಯ ಸಾಮಾನ್ಯ ಯುಪಿಎಸ್ ಅದನ್ನ ಎಳೆಯಲ್ಲ. ಆಗ ಬಾಗಿಲು ತೆಗೆದು ಇಣುಕಬೇಡಿ, ಒಳಗಿನ ಬಿಸಿಯೇ ಆಸರೆ. ಬ್ರೆಡ್ಡಾದರೆ ಹೇಗೋ ಬಚಾವಾಗುತ್ತೆ, ಸ್ಪಂಜ್ ಕೇಕ್ ಕೈಬಿಟ್ಟ ಹಾಗೇ. ಬೆಳಗ್ಗೆ ಐದೂವರೆಗೆ ಬೇಯಿಸೋದು ವಾಸಿ: ರಾತ್ರಿ ನಾದಿ ಫ್ರಿಜ್ಜಲ್ಲಿಟ್ಟರೆ ಎಂಟು–ಹತ್ತು ಗಂಟೆಯಲ್ಲಿ ನಿಧಾನಕ್ಕೆ ಉಬ್ಬುತ್ತೆ, ರುಚಿಯೂ ಹೆಚ್ಚು.

"ರೂಮ್ ಟೆಂಪರೇಚರ್ ಬೆಣ್ಣೆ"ಯ ಕಥೆಯೂ ಇದೇ. ಸಕ್ಕರೆ ಜೊತೆ ತಿರುವಿದಾಗ ಗಾಳಿ ಹಿಡಿದಿಡೋ ಬೆಣ್ಣೆ 18–20 ಡಿಗ್ರಿಯದು. ಒತ್ತಿದರೆ ಗುಳಿ ಬೀಳಬೇಕು, ಬೆರಳಿಗೆ ಜಿಡ್ಡು ಹೊಳೆಯಬಾರದು. ಫ್ರಿಜ್ಜಿಂದ ತೆಗೆದು ತುಂಡು ಮಾಡಿ ಹತ್ತು ನಿಮಿಷ, ಅಷ್ಟೇ. ನಾನ್‌ಖಟಾಯ್ ಹರಡಿ ದೋಸೆಯಾಗೋದೂ ಕರಗಿದ ತುಪ್ಪದಿಂದಲೇ. ತುಪ್ಪವನ್ನ ಹೆಪ್ಪುಗಟ್ಟಿಸಿ ಬಳಸಿ, ಉಂಡೆ ಕಟ್ಟಿದ ತಟ್ಟೆಯನ್ನ ಅರ್ಧ ಗಂಟೆ ಫ್ರಿಜ್ಜಲ್ಲಿಟ್ಟು 170 ಡಿಗ್ರಿಯಲ್ಲಿ ಬೇಯಿಸಿ. ಮಂಗಳೂರು, ಕಾರವಾರದ ಕಡೆಯವರು ಆರಿದ ಕೂಡಲೇ ಡಬ್ಬಿಗೆ ತುಂಬಿ, ಇಲ್ಲದಿದ್ದರೆ ಸಂಜೆಗೆ ಮೆತ್ತಗೆ.

ಹೆಣಿಗೆಯಲ್ಲೂ ಎರವಲು ತಂದದ್ದರದ್ದೇ ತೊಂದರೆ. ಬೇಸಿಗೆಯಲ್ಲಿ ಕಡ್ಡಿ ಹಿಡಿದರೆ ಕೈ ಬೆವರಿ ದಾರ ಅಂಟುತ್ತೆ ಅನ್ನೋರು ಉಲ್ಲನ್ನನ್ನ ಬೈಯುತ್ತಾರೆ. ಅಂಗಡಿಯಲ್ಲಿ ಉಲ್ಲನ್ ಅಂತ ಕೊಡೋದು ಬಹುಪಾಲು ಅಕ್ರಿಲಿಕ್. ಒಂದು ತುಂಡು ಸುಟ್ಟು ನೋಡಿ. ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್, ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ, ಕಾಗದದ ವಾಸನೆಯಾದರೆ ಹತ್ತಿ. ಬೆವರು ಹೀರದೇ ಇರೋದು ಅಕ್ರಿಲಿಕ್. ಪಾಪ, ಉಣ್ಣೆ ಹೀರುತ್ತೆ. ಚಳ್ಳಕೆರೆ ಕಡೆಯ ಕುರಿಗಾಹಿಗಳ ಹೆಗಲ ಮೇಲೆ ಬಿಸಿಲಲ್ಲೂ ಕಂಬಳಿ ಇರೋದು ಸುಮ್ಮನೆ ಅಲ್ಲ. ಅಂದಹಾಗೆ, ಅಕ್ರಿಲಿಕ್ ಸ್ವೆಟರಿಗೆ ನುಸಿಗುಳಿಗೆ ದಂಡ, ಅದು ಹುಳಕ್ಕೆ ಊಟವೇ ಅಲ್ಲ.

ಈ ಮೂರು ತಿಂಗಳು ಹತ್ತಿ ದಾರ ಹಿಡಿಯಿರಿ, ಆದರೆ ಉಣ್ಣೆಯ ಪ್ಯಾಟರ್ನನ್ನ ಹಾಗೇ ಇಳಿಸಬೇಡಿ. ಹತ್ತಿಗೆ ಹಿಗ್ಗಿ ವಾಪಸ್ ಬರೋ ಗುಣ ಕಮ್ಮಿ, ಸೊಂಟದ ರಿಬ್, ಅಂದ್ರೆ ಮೈಗೆ ಹಿಡಿದು ಕೂರೋ ಅಂಚಿನ ಪಟ್ಟಿ, ಜೋತು ಬೀಳುತ್ತೆ. ಮೈಗೆ 4 ಮಿಲಿಮೀಟರ್ ಕಡ್ಡಿಯಾದರೆ ರಿಬ್ಬಿಗೆ 3.25. ಸ್ಯಾಂಪಲ್ ತುಂಡನ್ನ ಒಗೆದು ಒಣಗಿಸಿಯೇ ಅಳೆಯಬೇಕು. ಹತ್ತು ಸೆಂಟಿಮೀಟರಿಗೆ 22 ಹೊಲಿಗೆ ಅಂದುಕೊಂಡು 220 ಏರಿಸಿದರೆ ನೂರು ಸೆಂಟಿಮೀಟರ್ ಸುತ್ತಳತೆ. ನಿಜಕ್ಕೂ 20 ಬರುತ್ತಿದ್ದರೆ ಅದೇ 220ಕ್ಕೆ 110 ಆಗಿಬಿಡುತ್ತೆ, ಯಜಮಾನರ ಅಂಗಿ. ಬೆವರಿದ ಕೈ ಹೊಲಿಗೆ ಬಿಗಿ ಮಾಡುತ್ತೆ. ಬೆಳಗ್ಗೆಯ ಸಾಲು ಸಡಿಲ, ಮಧ್ಯಾಹ್ನದ್ದು ಬಿಗಿ ಆದರೆ ಬಟ್ಟೆಯಲ್ಲಿ ಅಡ್ಡ ಪಟ್ಟೆ ಕಾಣುತ್ತೆ. ಹಾಗಾಗಿ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಕೈಗೆ ಪೌಡರ್ ಬೇಡ, ಗಾಢ ಬಣ್ಣದಲ್ಲಿ ಬೂದಿಯಂತೆ ಉಳಿಯುತ್ತೆ.

ಕೆಂಪು–ಬಿಳಿ ಜೋಡಿಸೋ ಮುಂಚೆ ಕೆಂಪು ದಾರವನ್ನ ಒದ್ದೆ ಬಿಳಿ ಬಟ್ಟೆಯಲ್ಲಿ ಸುತ್ತಿ ಇಸ್ತ್ರಿ ಒತ್ತಿ ನೋಡಿ. ಬಣ್ಣ ಬಿಟ್ಟರೆ ಆ ದಾರವನ್ನ ಬೇರೆ ಕೆಲಸಕ್ಕಿಡಿ, ಉಪ್ಪು ನೀರಲ್ಲಿ ನೆನೆಸಿದರೆ ನಿಲ್ಲುತ್ತೆ ಅನ್ನೋದು ಬರೀ ನಂಬಿಕೆ. ಒಗೆದದ್ದನ್ನ ಟವೆಲಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಚಾಪೆ ಮೇಲೆ ಹರಡಿ. ಈ ಬಿಸಿಗೆ ಮಧ್ಯಾಹ್ನದೊಳಗೆ ಒಣಗುತ್ತೆ. ಹಗ್ಗದ ಮೇಲೆ ನೇತುಹಾಕಿದಿರೋ, ನೀರಿನ ಭಾರಕ್ಕೆ ಮೊಣಕೈವರೆಗಿನ ತೋಳು ಮಣಿಕಟ್ಟಿನ ಕಡೆ ಹೊರಡುತ್ತೆ.