ಆ ಸಹಿ ಅಳಿಸಿದವನು ನಾನೇ

ಇವತ್ತು ಮಧ್ಯಾಹ್ನ ಪ್ರೆಸ್ಸಿಗೆ ಒಬ್ಬ ಹುಡುಗ ಬಂದಿದ್ದ. ಇಳಕಲ್ಲಿನವನು, ಪಿಯುಸಿ ಎರಡನೇ ವರ್ಷ. ಜೊತೆಗೆ ಅವನ ಅವ್ವ. ಬಿಸಿಲಲ್ಲಿ ಬಸ್ ಹತ್ತಿ ಬಾಗಲಕೋಟೆಗೆ ಬಂದು, ನವನಗರದಲ್ಲಿ ನಮ್ಮ ಪ್ರೆಸ್ ಹುಡುಕಿಕೊಂಡು ಬಂದಿದ್ದರು. ಒಂದು ಸಂಸ್ಥೆಯ ಸ್ಮರಣ ಸಂಚಿಕೆ ನಮ್ಮಲ್ಲಿ ಅಚ್ಚಾಗುತ್ತಿದೆ. ಅದರ ಮುಖಪುಟಕ್ಕೆ ಈ ಹುಡುಗನ ಚಿತ್ರ ಆರಿಸಿದ್ದಾರೆ. ಅಚ್ಚಾದದ್ದನ್ನು ಕಣ್ಣಾರೆ ನೋಡುವ ಆಸೆ ಇಬ್ಬರಿಗೂ.

ಮುಖಪುಟದ ಒಂದು ಹಾಳೆ ಕೈಗೆ ಕೊಟ್ಟೆ. ಮಸಿ ಹತ್ತಬಾರದು ಅಂತ ಅಂಚು ಮಾತ್ರ ಹಿಡಿದ. ಚಿತ್ರ ನೋಡಲಿಲ್ಲ. ಸೀದಾ ಬಲಗಡೆ ಕೆಳಗಿನ ಮೂಲೆ ನೋಡಿದ. ಅಲ್ಲಿ ಹೆಬ್ಬೆರಳು ಆಡಿಸಿದ.

"ಕಾಕಾರ, ಇಲ್ಲಿ ನನ್ನ ಸಹಿ ಇತ್ತಲ್ರಿ?"

ಇತ್ತು. ಅಳಿಸಿದವನು ನಾನೇ.

ಕಮಿಟಿಯ ಹಿರಿಯರೊಬ್ಬರು ಹೋದ ವಾರ ಪ್ರೂಫ್ ನೋಡಿ, "ಸಹಿ ತಗೀರಿ, ಕವರ್ ಚೊಲೊ ಕಾಣಂಗಿಲ್ಲ" ಅಂದರು. ಕೆಲಸದ ಗಡಿಬಿಡಿ. ಫೋಟೋಶಾಪ್‌ನಲ್ಲಿ ಎರಡು ನಿಮಿಷದ ಕೆಲಸ. ಚಿತ್ರದಲ್ಲಿರುವ ಹೊಳೆಯ ನೀರಿನ ಬಣ್ಣವನ್ನೇ ಎತ್ತಿ ಸಹಿಯ ಮೇಲೆ ಬಳಿದೆ. ಸಹಿ ಇತ್ತು ಅನ್ನುವ ಗುರುತೂ ಉಳಿಯಲಿಲ್ಲ. ಹುಡುಗ ಸಿಟ್ಟಾಗಲಿಲ್ಲ, ಅಳಲಿಲ್ಲ. "ಇನ್ನೊಂದು ಪ್ರತಿ ಸಿಗ್ತದೇನ್ರಿ?" ಅಂತ ಕೇಳಿ, ಸುರುಳಿ ಮಾಡಿಕೊಂಡು ಹೋದ. ಅದೇ ನನ್ನನ್ನು ಸುಡುತ್ತಿದೆ.

ಆ ಚಿತ್ರ ಹೇಗಿದೆ ಅಂತ ಹೇಳಬೇಕು ನಿಮಗೆ. ಹೊಳೆ ಬಂದಿದೆ. 2019ರ ಆಗಸ್ಟ್‌ನ ಪ್ರವಾಹದಲ್ಲಿ ನಾವೆಲ್ಲ ನೋಡಿದ ಹಾಗೆ ಕೆಂಪು ನೀರು. ನೀರಿನ ನಡುವೆ ಒಬ್ಬ ಹೆಣ್ಣುಮಗಳು ಎತ್ತಿನ ಹಗ್ಗ ಹಿಡಿದು ನಿಂತಿದ್ದಾಳೆ. ಪಕ್ಕದಲ್ಲಿ ಒಂದು ಮುಧೋಳ ನಾಯಿ. ಅವಳು ಸೂಪರ್‌ಹೀರೋ. ಬೆನ್ನ ಹಿಂದೆ ಹಾರುತ್ತಿರುವುದು ಇಳಕಲ್ ಸೀರೆಯ ಕೆಂಪು ಸೆರಗು. ಅದರಲ್ಲಿ ಟೋಪಿ ತೆನಿ, ಅಂದರೆ ಇಳಕಲ್ ಸೆರಗಿನ ಬಿಳಿ ಹಲ್ಲು ಹಲ್ಲಿನ ವಿನ್ಯಾಸ. ಬಿಳಿ ಬಣ್ಣ ಹಚ್ಚಿದ್ದಾನೆ ಅಂದುಕೊಂಡಿದ್ದೆ. ಸ್ಕ್ಯಾನ್ ಮಾಡಿ ದೊಡ್ಡದಾಗಿ ನೋಡಿದಾಗ ಗೊತ್ತಾಯಿತು, ಅದು ಬಣ್ಣ ಹಚ್ಚದೆ ಬಿಟ್ಟ ಕಾಗದ. ಒಂದೊಂದು ಹಲ್ಲನ್ನೂ ಖಾಲಿ ಬಿಟ್ಟು, ಸುತ್ತ ಕೆಂಪು ತುಂಬಿದ್ದಾನೆ. ಒಂದು ಕಡೆಯೂ ಗೆರೆ ದಾಟಿಲ್ಲ. ಅಪ್ಪ ಮಗ್ಗದವರು, ಅವ್ವ ಮಗ್ಗಕ್ಕೆ ನೂಲಿನ ಕಂಡಿಕಿ ಸುತ್ತುತ್ತಾರೆ. ನೋಡಿ ನೋಡಿ ಕಣ್ಣಿಗೆ ಕೂತದ್ದು ಕೈಯಲ್ಲಿ ಇಳಿದಿದೆ.

ಇಂಥ ಕೆಲಸದ ಮೂಲೆಯಲ್ಲಿ ಒಂದು ಇಂಚು ಸಹಿ ಇದ್ದರೆ ಕವರ್ ಕೆಡುತ್ತದಾ?

ಅದೇ ಸಂಚಿಕೆಯ ಒಳಗೆ ಯಾರ ಯಾರ ಹೆಸರಿದೆ ಗೊತ್ತಾ? ಅಧ್ಯಕ್ಷರು, ಉಪಾಧ್ಯಕ್ಷರು, ಸದಸ್ಯರು, ಜಾಹೀರಾತು ಕೊಟ್ಟವರು, ಶುಭ ಕೋರುವವರು. ಕಡೇ ಪುಟದಲ್ಲಿ ನನ್ನ ಪ್ರೆಸ್ಸಿನ ಹೆಸರೂ ಇದೆ, ಫೋನ್ ನಂಬರ್ ಸಮೇತ. ಚಿತ್ರ ಬರೆದವನ ಹೆಸರು ಎಲ್ಲೂ ಇಲ್ಲ.

ನನ್ನ ಕಾಮಿಕ್ಸ್ ಹುಚ್ಚು ನಿಮಗೆ ಗೊತ್ತೇ ಇದೆ. ಹಳೇ ಊರು ಮುಳುಗಡೆಯಾಗಿ ಮನೆ ಬಿಡುವಾಗ ಅವ್ವ ಪಾತ್ರೆ ಕಟ್ಟಿದರೆ ನಾನು ಕಟ್ಟಿದ್ದು ಕಾಮಿಕ್ಸ್ ಟ್ರಂಕು. ಮೊನ್ನೆ ಅಕ್ಕನ ಮಗ ಪುಣೆಯಿಂದ ಬರುವಾಗ, "ಮಾಮಾ, ನಿನಗಂತ ತಂದೀನಿ" ಅಂತ ಒಂದು ಹಳೇ ಸಂಚಿಕೆ ಕೊಟ್ಟ. ಹೆಸರು 'ನ್ಯೂ ಟ್ಯಾಲೆಂಟ್ ಶೋಕೇಸ್'. ಸೂಪರ್‌ಮ್ಯಾನ್, ಬ್ಯಾಟ್‌ಮನ್ ತರುವ ಅಮೆರಿಕದ ಡಿಸಿ ಕಂಪನಿಯದು. 1984ರಲ್ಲಿ ಶುರು ಮಾಡಿದ್ದರು. ಒಟ್ಟು 19 ಸಂಚಿಕೆ ಬಂದವು. ಅದರಲ್ಲಿ ಕತೆ ಬರೆಯುವವರು, ಚಿತ್ರ ಬಿಡಿಸುವವರು ಹೆಚ್ಚಾಗಿ ಹೊಸಬರು. ಇಡೀ ಪುಸ್ತಕವನ್ನು ಹೊಸಬನ ಕೈಗೆ ಕೊಡುವುದಕ್ಕೆ ಯಾವ ಕಂಪನಿಗೂ ಧೈರ್ಯ ಸಾಲುವುದಿಲ್ಲ. ಕೆಲವು ಪುಟ ಕೊಡಬಹುದಲ್ಲ. ಒಬ್ಬನ ಕತೆ ಸಪ್ಪೆಯಾದರೆ ಪಕ್ಕದವನ ಕತೆ ಪುಸ್ತಕ ಎತ್ತಿ ಹಿಡಿಯುತ್ತದೆ.

ನಾನು ನಿಂತು ನೋಡಿದ್ದು ಕತೆಯ ಆರಂಭದ ಪುಟ. ಬರೆದವರು, ಪೆನ್ಸಿಲ್ ಕೆಲಸ ಮಾಡಿದವರು, ಅದರ ಮೇಲೆ ಇಂಕ್ ಹಾಕಿದವರು, ಬಣ್ಣ ಹಚ್ಚಿದವರು, ಮಾತಿನ ಗುಳ್ಳೆಯೊಳಗೆ ಅಕ್ಷರ ಬರೆದವರು, ಎಲ್ಲರ ಹೆಸರು ಬೇರೆ ಬೇರೆಯಾಗಿ ಹಾಕಿದ್ದಾರೆ. ಅಕ್ಷರ ಬರೆದವರ ಹೆಸರು! 22 ವರ್ಷದಿಂದ ಪ್ರೆಸ್ ನಡೆಸುತ್ತಿದ್ದೇನೆ. ಕಂಪ್ಯೂಟರ್‌ನಲ್ಲಿ ಅಕ್ಷರ ಜೋಡಿಸಿ ನಮ್ಮ ಡಿಟಿಪಿ ಮಾಡುವ ತಂಗಿಯ ಹೆಸರು ಒಂದು ಪುಸ್ತಕದಲ್ಲೂ ಹಾಕಿಲ್ಲ ಅಂತ ಅವತ್ತು ಹೊಳೆಯಿತು. ಹೊಳೆದರೂ ಸುಮ್ನೆ ಇದ್ದೆ, ನೋಡಿ. ಆ ಪುಸ್ತಕ ನನ್ನ ಟೇಬಲ್ ಮೇಲೆ ಇರುವಾಗಲೇ ಹುಡುಗನ ಸಹಿ ಅಳಿಸಿದ್ದೇನೆ.

ಆ ಸರಣಿಯಲ್ಲಿ ಶುರುವಿನ ಕೆಲಸ ಮಾಡಿದವರಲ್ಲಿ ನಾರ್ಮ್ ಬ್ರೇಫೋಗಲ್ ಒಬ್ಬರು. 1987ರ ಹೊತ್ತಿಗೆ ಬ್ಯಾಟ್‌ಮನ್ ಚಿತ್ರ ಬರೆಯುತ್ತಿದ್ದರು. ಅವರ ಬ್ಯಾಟ್‌ಮನ್‌ನ ನಿಲುವಂಗಿ ಹೊಗೆಯ ಹಾಗೆ ಹರಡುತ್ತದೆ. ದೂರದಿಂದಲೇ ಇದು ಅವರ ಕೈ ಅಂತ ಹೇಳಬಹುದು. ಕೈ ಗುರುತು ಹಿಡಿಯುವುದು ಆಮೇಲಿನ ಮಾತು. ಮೊದಲು ಹೆಸರು ಗೊತ್ತಿರಬೇಕಲ್ವಾ?

ಅಮೆರಿಕದಲ್ಲೂ ಹೀಗೆ ಹೆಸರು ಹಾಕುವುದು ಸಲೀಸಾಗಿ ಬಂದದ್ದಲ್ಲ. 1938ರಲ್ಲಿ ಸೂಪರ್‌ಮ್ಯಾನ್ ಬಂದಾಗ ಅದನ್ನು ಹುಟ್ಟಿಸಿದ ಜೆರ್ರಿ ಸೀಗಲ್, ಜೋ ಶುಸ್ಟರ್ ಇಬ್ಬರೂ ಇಪ್ಪತ್ಮೂರರ ಹುಡುಗರು. ಕೈಗೆ ಬಂದದ್ದು 130 ಡಾಲರ್. ಹಕ್ಕು ಪೂರ್ತಿ ಕಂಪನಿಗೆ ಹೋಯಿತು. ಕೋರ್ಟಿಗೆ ಹೋದ ಮೇಲೆ ಪುಟದಿಂದ ಅವರ ಹೆಸರೂ ಹೋಯಿತು. ಹೆಸರು ವಾಪಸ್ ಕೊಡಲು ಕಂಪನಿ ಒಪ್ಪಿದ್ದು 1975ರಲ್ಲಿ. ಅಷ್ಟರಲ್ಲಿ ಶುಸ್ಟರ್ ಅವರ ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಬ್ಯಾಟ್‌ಮನ್ ಕತೆ ಇನ್ನೂ ಕೆಟ್ಟದ್ದು. ಬಾಬ್ ಕೇನ್ ಒಬ್ಬರನ್ನೇ ಸೃಷ್ಟಿಕರ್ತ ಅಂತ ಹಾಕುತ್ತಾ ಬಂದರು. ಜೊತೆಗೆ ಕೂತು ಕಟ್ಟಿದ ಬಿಲ್ ಫಿಂಗರ್ 1974ರಲ್ಲಿ ತೀರಿಕೊಂಡರು. ಅವರ ಹೆಸರನ್ನೂ ಸೇರಿಸುತ್ತೇವೆ ಅಂತ ಕಂಪನಿ ಹೇಳಿದ್ದು 2015ರಲ್ಲಿ. ಸತ್ತ ಮೇಲೆ 41 ವರ್ಷ! ಇದನ್ನು ಎಷ್ಟು ಸಲ ಓದಿದರೂ ನನಗೆ ಹೊಟ್ಟೆ ಉರಿಯುತ್ತದೆ.

ಸಂಜೆ ಆ ಹಿರಿಯರಿಗೆ ಫೋನ್ ಮಾಡಿದೆ. ಬೈಯಲಿಲ್ಲ, ಕೇಳಿದೆ ಅಷ್ಟೇ. "ಈಗಲೇ ಹೆಸರು ಹಾಕಿದ್ರ ಹುಡುಗನ ತಲಿ ತಿರಗತೈತ್ರಿ. ಮೊದಲು ಕಲೀಲಿ. ನಮ್ಮ ಹಳೇ ಶಿಲ್ಪಿಗಳು ಎಲ್ಲಿ ಹೆಸರು ಹಾಕಿಕೊಂಡಾರ?" ಅಂದರು.

ಮೊದಲ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಹೊಸಬರ ಕೆಲಸ ಹಸಿ ಇರುತ್ತದೆ. ನನ್ನ ಕೈಯಲ್ಲಿರುವ ಸಂಚಿಕೆಯಲ್ಲೂ ಕೆಲವು ಚಿತ್ರ ಬಿಗಿಯಾಗಿಲ್ಲ. ಈ ಹುಡುಗನ ಎತ್ತಿನ ಹಿಂಗಾಲು ಕೂಡ ಸರಿ ಬಂದಿಲ್ಲ. ಆದರೆ ತಪ್ಪು ಯಾರದು ಅಂತ ಗೊತ್ತಾಗುವುದಕ್ಕಾದರೂ ಹೆಸರು ಬೇಕು. ಅಷ್ಟು ಹಸಿಯಾಗಿದ್ದರೆ ಮುಖಪುಟಕ್ಕೆ ಯಾಕೆ ತಗೊಂಡಿರಿ? ಚಿತ್ರ ಮುಖಪುಟಕ್ಕೆ ಆಗುತ್ತದೆ, ಬರೆದವನ ಹೆಸರು ಮಾತ್ರ ಆಗುವುದಿಲ್ಲ ಅಂದರೆ ನಾನು ಒಪ್ಪುವುದಿಲ್ಲ.

ಎರಡನೇ ಮಾತಂತೂ ನಮ್ಮ ಜಿಲ್ಲೆಯವರು ಹೇಳಬಾರದು. ಪಟ್ಟದಕಲ್ಲಿಗೆ ಹೋಗಿ ನೋಡಿ. ವಿರೂಪಾಕ್ಷ ಗುಡಿ ಎಂಟನೇ ಶತಮಾನದ್ದು. ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರು ಅಲ್ಲಿನ ಶಾಸನದಲ್ಲಿದೆ. ಅವನಿಗೆ ತ್ರಿಭುವನಾಚಾರಿ ಅನ್ನುವ ಬಿರುದು ಕೊಟ್ಟದ್ದನ್ನೂ ಕಲ್ಲಿನಲ್ಲೇ ಬರೆದಿದ್ದಾರೆ. ಸರ್ವಸಿದ್ಧಿ ಆಚಾರಿಯ ಹೆಸರೂ ಇದೆ. ಕೆತ್ತನೆ ಕೆಲಸ ಮಾಡಿದವರು ತಮ್ಮ ಹೆಸರು ಕೊರೆದುಕೊಂಡಿದ್ದಾರೆ. ಗುಡಿ ಕೆಟ್ಟಿತಾ? ಯಾರಾದರೂ ಆ ಹೆಸರಿನ ಮೇಲೆ ಗಾರೆ ಮೆತ್ತಿದರಾ? 1987ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು, ಆ ಹೆಸರುಗಳ ಸಮೇತ.

ಇದನ್ನೆಲ್ಲ ಫೋನಿನಲ್ಲೇ ಹೇಳಿದೆ. ದನಿ ಜಾಸ್ತಿಯೇ ಏರಿತು. "ನೀವು ಹೇಳಿದ್ದು ಖರೆ ಐತಿ, ಆದರ ಅಚ್ಚಾಗಿಬಿಟ್ಟೈತಲ್ರಿ" ಅಂದರು.

ಅಚ್ಚಾಗಿದೆ, ಬೈಂಡಿಂಗ್ ಆಗಿಲ್ಲ. ಸಹಿ ಇರುವ ಮೂಲ ಸ್ಕ್ಯಾನ್ ನನ್ನ ಕಂಪ್ಯೂಟರ್‌ನಲ್ಲೇ ಇದೆ. ನಾಳೆ ಮುಖಪುಟ ಮತ್ತೆ ಹಾಕುತ್ತೇನೆ. ಮೊದಲ ಫಾರ್ಮನ್ನೂ, ಅಂದರೆ ಶುರುವಿನ ಪುಟಗಳು ಒಟ್ಟಿಗೆ ಅಚ್ಚಾಗುವ ಹಾಳೆಯನ್ನೂ ಹಾಕುತ್ತೇನೆ. ಪ್ಲೇಟು, ಕಾಗದ, ಮಸಿ ಎಲ್ಲ ಖರ್ಚು ನನ್ನದು ಅಂದೆ. ಒಪ್ಪಿಕೊಂಡರು. ಶುರುವಿನ ಪುಟದಲ್ಲಿ ಹುಡುಗನ ಹೆಸರಿನ ಜೊತೆ ಡಿಟಿಪಿ ಮಾಡಿದ ತಂಗಿಯ ಹೆಸರೂ ಬರುತ್ತದೆ. ಹುಡುಗನ ಹೆಸರು ಇಲ್ಲಿ ಬರೆಯುತ್ತಿಲ್ಲ. ಮೊದಲು ಪುಸ್ತಕದಲ್ಲಿ ಬರಲಿ.

ಈಗಷ್ಟೇ ಅವನ ಮನೆಗೆ ಫೋನ್ ಮಾಡಿದ್ದೆ. "ಹೆಸರು ಹ್ಯಾಂಗ ಹಾಕಲಿ, ಮನೆತನದ ಹೆಸರು ಮೊದಲೋ ಆಮೇಲೋ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಮಗ್ಗದ ಸಪ್ಪಳ ಕೇಳುತ್ತಿತ್ತು.

"ಕಾಕಾರ, ಅಪ್ಪನ ಹೆಸರೂ ಹಾಕ್ತೀರೇನ್ರಿ? ಟೋಪಿ ತೆನಿ ಹೇಳಿಕೊಟ್ಟಾಂವ ಅಂವಾ" ಅಂದ.