ಕೊನೆಯ ತರಗತಿಗೂ ಬಸ್ಸಿಗೂ ಅರ್ಧ ಗಂಟೆ

ಬೀದರಿನ ಊರಾಚೆ ಇರುವ ನಮ್ಮ ಸ್ನಾತಕೋತ್ತರ ಕೇಂದ್ರದಲ್ಲಿ ಕೊನೆಯ ತರಗತಿ ಮುಗಿಯುವುದು ನಾಲ್ಕೂವರೆಗೆ. ಊರಿಗೆ ಹೋಗುವ ಬಸ್ ಹೊರಡುವುದು ನಾಲ್ಕಕ್ಕೆ. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗಲೇ ಹಿಂದಿನ ಬೆಂಚುಗಳಲ್ಲಿ ಚೀಲದ ಜಿಪ್ ಎಳೆಯುವ ಸದ್ದು. ಔರಾದ್, ಕಮಲನಗರದ ಕಡೆಯ ಹುಡುಗಿಯರು ತಲೆ ತಗ್ಗಿಸಿ ಎದ್ದು ಹೋಗುತ್ತಾರೆ. ಅರ್ಧ ಬರೆದ ಸಮೀಕರಣದ ಮುಂದೆ ಸರ್ ಸೀಮೆಸುಣ್ಣ ಹಿಡಿದು ಸುಮ್ಮನೆ ನಿಲ್ಲುತ್ತಾರೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ ಪ್ರಯಾಣ ಉಚಿತ. ಅದು ನಿಜಕ್ಕೂ ದೊಡ್ಡ ಆಸರೆ. ಸಂವಿಧಾನದ 371ಜೆ ವಿಧಿಯ ಮೀಸಲಾತಿಯಿಂದ ಕಲ್ಯಾಣ ಕರ್ನಾಟಕದವರಿಗೆ ಕಾಲೇಜಿನಲ್ಲಿ ಸೀಟೂ ಸಿಗುತ್ತಿದೆ. ಆದರೆ ಸಿಕ್ಕ ಸೀಟಿನಲ್ಲಿ ಕೊನೆಯವರೆಗೆ ಕುಳಿತು ಪಾಠ ಕೇಳಲು ಆಗುವುದು ಬೇಡವೇ? ಕೇಳಿದರೆ ತರಗತಿಯ ವೇಳಾಪಟ್ಟಿ ವಿಶ್ವವಿದ್ಯಾಲಯದ ಮುಖ್ಯ ಆವರಣದಿಂದ ಬರುತ್ತದೆ ಎಂದು ನಮ್ಮ ಕೇಂದ್ರದವರು, ನಿಮ್ಮ ಕೇಂದ್ರದಿಂದ ಪತ್ರ ತನ್ನಿ ಎಂದು ಮುಖ್ಯ ಆವರಣದವರು. ಪತ್ರ ಕೊಟ್ಟು ಎರಡು ಸೆಮಿಸ್ಟರ್ ಕಳೆದವು.

ನಿನ್ನೆ ಪಾಠ ಪೂರ್ತಿ ಕೇಳಿದ ನಾವು ಆರು ಮಂದಿ ಕೆಮ್ಮಣ್ಣಿನ ದಾರಿಯಲ್ಲಿ ಹೆದ್ದಾರಿಯವರೆಗೆ ನಡೆದೆವು. ಗೆಳತಿ ಮನೆ ಮುಟ್ಟುವಾಗ ರಾತ್ರಿ ಎಂಟು. ಇವತ್ತು ಅವಳು ತರಗತಿಗೆ ಬಂದಿಲ್ಲ.